ಬಚ್ಚ ಮಾವನ ನಾಯಿಯೂ ಅಜ್ಜಿಯ ಎಲುಬಿನ ನೀರೂ

ಏಳು ಕಡಲಿನ ಆಚೆ, ಅಂದರೆ ತೆಕ್ಕಟ್ಟೆಯಲ್ಲಿ ಬಸ್ಸು ಹತ್ತಿದರೆ ಒಂದು ಹಗಲು ಒಂದು ರಾತ್ರಿ ಕುಳಿತಷ್ಟು ದೂರದಲ್ಲಿ, ಬೊಂಬಾಯಿ ಎಂಬ ಊರಿತ್ತಂತೆ. ಆ ಊರಲ್ಲಿ ಮೋಡಕ್ಕೆ ತಲೆ ತಾಗುವ ಒಂದು ಹೋಟೆಲಿತ್ತಂತೆ. ಹೋಟೆಲಿನ ಅಡುಗೆಮನೆಯಲ್ಲಿ ಗುಡ್ಡ ಅಂತ ಒಬ್ಬನಿದ್ದನಂತೆ. ಅವನಿಗೊಬ್ಬಳು ಹೆಂಡತಿ, ಸೀತು ಅಂತ. ಹದಿನೆಂಟು ವರ್ಷದ ಕಡಲ ಕರೆಯ ಹುಡುಗಿ, ಒಂದೇ ಕೋಣೆಯ ಖೋಲಿಯೊಳಗೆ ಹೆತ್ತು ಮಲಗಿದ್ದಳಂತೆ. ಹತ್ತಿರದಲ್ಲಿ ತಾಯಿ ಇಲ್ಲ, ಅತ್ತೆ ಇಲ್ಲ, ಬಾಣಂತಿಗೆ ಕಾಳುಮೆಣಸು ಅರೆದು ಕೊಡುವ ಒಂದು ಕೈ ಇಲ್ಲ. ಆಗ ಗುಡ್ಡ ಏನು ಮಾಡಿದ? ದಿನಾ ಬೆಳಗಿನ ಪಾಳಿ ಮುಗಿಸಿ, ಒಂದು ಚೀಲ ಕೋಳಿ ಎಲುಬು ಹಿಡಿದುಕೊಂಡು, ಗಂಟೆ ಬಾರಿಸುವ ಟ್ರಾಮು ಹತ್ತಿ ಬಂದು, ಸಿಗಡಿ ಒಲೆಗೆ ಕೆಂಡ ಹಾಕಿ, ದೀಪ ಹಚ್ಚುವ ಹೊತ್ತಿನವರೆಗೆ ಪಾತ್ರೆಯ ಮುಂದೆ ಕುಳಿತು ಎಲುಬಿನ ನೀರು ಮಾಡಿ ಕೊಡುತ್ತಿದ್ದನಂತೆ. ಅದು ಬಂಗಾರದ ಬಣ್ಣದ ನೀರು. ಬಗ್ಗಿದರೆ ಮುಖ ಕಾಣುತ್ತಿತ್ತಂತೆ.

ಸೀತು ಅಂದರೆ ನನ್ನ ಅಜ್ಜಿ. ಗುಡ್ಡ ಅಂದರೆ ನಾನು ಕಾಣದ ಅಜ್ಜ. ಅಪ್ಪ ಅಮ್ಮ ಕೊಲ್ಲೂರಿನಲ್ಲಿ ಯಾತ್ರಿಕರಿಗೆ ಹಣ್ಣುಕಾಯಿ ಮಾರುವ ಅಂಗಡಿ ಇಟ್ಟಿದ್ದರಿಂದ ನಾನು ಬೆಳೆದದ್ದು ಅಜ್ಜಿಯ ಮಗ್ಗುಲಲ್ಲಿ, ಈ ಕತೆ ಕೇಳುತ್ತ. ಕಾಲೇಜಿಗೆ ಕುಂದಾಪುರದ ಬಸ್ಸು ಹತ್ತುವ ವಯಸ್ಸಾದ ಮೇಲೂ ಕಂಡಕ್ಟರ್ ಸೀಟಿ ಊದಿದರೆ ನನಗೆ ಟ್ರಾಮಿನ ಗಂಟೆ ಕೇಳಿ, ಇಳಿಯಬೇಕಾದ ಜಾಗ ಎಷ್ಟೋ ಸಲ ದಾಟಿಹೋಗಿದೆ.

ಕತೆಗೆ ಒಂದು ಬಾಲವಿತ್ತು, ಅದನ್ನು ಅಜ್ಜಿ ಯಾವಾಗಲೂ ಸಣ್ಣ ಸ್ವರದಲ್ಲಿ ಹೇಳುತ್ತಿದ್ದಳು. ಊರಿಗೆ ಮರಳಿದ ಮೇಲೆ ಅಜ್ಜ ಮೀನಿನ ದೋಣಿ ಹತ್ತಿದ. ಅಜ್ಜಿ ಒಮ್ಮೊಮ್ಮೆ, ಆ ನೀರು ಇನ್ನೊಂದು ಸಲ ಮಾಡಿಕೊಡಿ ಅಂದರೆ, ನಾಳೆ ಮಾಡುವ ಅನ್ನುತ್ತಿದ್ದ. ಹಾಗೆ ಇಪ್ಪತ್ತು ವರ್ಷ ನಾಳೆ ಅಂದು, ಒಂದು ದಿನ ಎದೆನೋವು ಅಂತ ಮಲಗಿದವನು ಏಳಲಿಲ್ಲ.

ಈಗ ಬಚ್ಚ ಮಾವನ ವಿಚಾರ. ಬಚ್ಚ ಮಾವ ಅಜ್ಜಿಯ ಮಗ. ಬೊಂಬಾಯಿಯ ಖೋಲಿಯಲ್ಲಿ ಹುಟ್ಟಿದ ಮಗು ಅವನೇ. ಕಡಲ ಬದಿಯ ಚಪ್ಪರದಲ್ಲಿ ಕುಳಿತು ಹರಿದ ಬಲೆ ಕಟ್ಟುವುದು ಅವನ ಕಸುಬು. ಬಲೆಯಲ್ಲಿ ಅವನಷ್ಟು ಸೂಕ್ಷ್ಮ ಯಾರೂ ಇಲ್ಲ, ಬಲೆಯ ಹೊರಗೆ ಅವನಷ್ಟು ಗೋಜಲು ಯಾರೂ ಇಲ್ಲ. ಬ್ರಹ್ಮಾವರಕ್ಕೆ ಅಂತ ಹೊರಟು ಬೈಂದೂರಿನಲ್ಲಿ ಇಳಿದು, ಅಲ್ಲಿಯವರಿಗೇ ಬ್ರಹ್ಮಾವರ ಇಷ್ಟು ಬದಲಾಗಿದೆಯಲ್ಲ ಅಂದು ಬಂದ ಮನುಷ್ಯ.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ನಮ್ಮ ಕೇರಿಗೆ ಚಿಕೂನ್‌ಗುನ್ಯ ಬಂತು. ಊರಿಗೆ ಊರೇ ಬಿದ್ದುಹೋದ ಮೂಗುತಿ ಹುಡುಕುವ ಹಾಗೆ ಬಗ್ಗಿ ನಡೆಯಿತು. ಚೌತಿ ಕಳೆಯುವ ಹೊತ್ತಿಗೆ ಎಲ್ಲರೂ ನೆಟ್ಟಗಾದರು. ಅಜ್ಜಿಯ ಬೆರಳು ಮಾತ್ರ ಶುಂಠಿಯ ಹಾಗೆ ಊದಿಯೇ ಉಳಿದವು, ಬಾಯಿ ರುಚಿಯೂ ಹೋಯಿತು. ಬಂಗುಡೆ ಸಾರು ಮುಂದಿಟ್ಟರೆ ಮುಖ ತಿರುಗಿಸಿದಳು. ಕಡಲ ಬದಿಯ ಮುದುಕಿ ಬಂಗುಡೆಗೆ ಮುಖ ತಿರುಗಿಸಿದಳು ಎಂದರೆ ಡಾಕ್ಟರಿಗೆ ಬೇರೆ ವಿವರ ಬೇಕಾಗುವುದಿಲ್ಲ. ಮನಸ್ಸಿಗೆ ಬೇಕಾದ್ದು ಏನಾದರೂ ಕೊಡಿ, ಹೀಗೆ ಮೂರು ಚಮಚ ಗಂಜಿಯಲ್ಲಿ ಇದ್ದರೆ ಚಳಿಗಾಲ ಕಾಣುವುದು ಕಷ್ಟ ಅಂದರು ಅವರು.

ಏನು ಬೇಕು ಅಂತ ಕೇಳಿದ್ದಕ್ಕೆ ಅಜ್ಜಿ ಮಾಡಿನ ಹೆಂಚಿನ ಕಡೆ ನೋಡಿದಳು.

"ಆ ನೀರ್ ಒಂದ್ ಲೋಟ ಸಿಕ್ರೆ, ಮತ್ತೆ ಉಣ್ತೆ," ಅಂದಳು.

ಸರಸತ್ತೆ, ಅಂದರೆ ಬಚ್ಚ ಮಾವನ ಹೆಂಡತಿ, ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ನೀರು ಮಾಡುವುದು ಹೇಗೆ ಎಂದು ತಿಳಿದಿದ್ದ ಒಬ್ಬನೇ ಮನುಷ್ಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದ. ಅಷ್ಟರಲ್ಲಿ ಬಚ್ಚ ಮಾವ ಬಲೆಯ ನೂಲನ್ನು ಹಲ್ಲಿನಲ್ಲಿ ಕಡಿದು, ಅದೇನು ದೊಡ್ಡ ವಿಷಯ ಅಂದ. ತನಗೆ ಎಲ್ಲ ಗೊತ್ತಂತೆ.

"ನಾನೂ ಅಲ್ಲೇ ಇದ್ದಿದ್ದೆ ಅಲ್ದಾ," ಅಂದ.

ಇದ್ದದ್ದು ನಿಜ. ತೊಟ್ಟಿಲಲ್ಲಿದ್ದ. ಆದರೆ ಬೇಲಿಯಾಚೆಯಿಂದ ನೆರೆಮನೆಯ ಪದ್ದಕ್ಕ ಕೇಳಿಸಿಕೊಂಡಾಗಿತ್ತು, ಮಾವ ಬರುವ ಮಂಗಳವಾರದೊಳಗೆ ಕುಡಿಸುತ್ತೇನೆ ಅಂತ ಅಜ್ಜಿಗೆ ಮಾತು ಕೊಟ್ಟೂ ಆಗಿತ್ತು. ಅಜ್ಜಿ ತನಗೆ ನೆನಪಿದ್ದಷ್ಟು ಹೇಳಿದಳು. ಎಲುಬು, ಕಾಲು, ಕುತ್ತಿಗೆ ಬೇಕು. ಮಾಂಸ ಬೇಡ, ಮಾಂಸ ಹಾಕಿದರೆ ಅದು ಸಾರಾಗುತ್ತದೆ, ನೀರಾಗುವುದಿಲ್ಲ. ಮತ್ತೆ, "ಕುದಿಬಾರ್ದ್ ಮಗಾ. ಗೊಣಗ್ತಾ ಇರ್ಕ್."

ಆದಿತ್ಯವಾರ ಬೆಳಿಗ್ಗೆ ಮಾವ ಹೆದ್ದಾರಿ ಬದಿಯ ರಂಜನ್‌ನ ಕೋಳಿ ಅಂಗಡಿಗೆ ಹೋದ. ಇಲ್ಲಿ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಕೋಳಿಯ ಕಾಲು, ಕುತ್ತಿಗೆ, ಚರ್ಮಕ್ಕೆ ಯಾವ ಅಂಗಡಿಯಲ್ಲೂ ಬೆಲೆ ಇಲ್ಲ. ನಾಯಿ ಸಾಕಿದವರು ಚೀಲ ಚಾಚಿದರೆ ಸುಮ್ಮನೆ ತುಂಬಿಸಿ ಕೊಡುತ್ತಾರೆ. ಹಾಗಾಗಿ ಕೋಳಿಕಾಲು ಕೇಳುವವನ ಮನೆಯಲ್ಲಿ ನಾಯಿ ಇರಬೇಕು. ಇಲ್ಲದಿದ್ದರೆ ಅವನ ಮನೆಯಲ್ಲಿ ಒಲೆಯ ಸ್ಥಿತಿ ಚೆನ್ನಾಗಿಲ್ಲ ಎಂದು ಅರ್ಥ.

ಅಂಗಡಿಯಲ್ಲಿ ಭೋಜರಾಜ ನಿಂತಿದ್ದರು. ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರಾಗಿದ್ದು, ಆ ಕಾಲ ಇನ್ನೂ ಮುಗಿದಿಲ್ಲ ಎಂದು ನಂಬಿದವರು. ಮಗಳ ಗಂಡನ ಮನೆಯವರು ಬರುತ್ತಾರೆಂದು ನಾಲ್ಕು ಕೋಳಿ ಕಡಿಸುತ್ತಿದ್ದರು. ಮಾವ ಬಾಯಿ ತೆರೆದದ್ದು, ಭೋಜರಾಜರು ತಿರುಗಿ ನೋಡಿದ್ದು, ಎರಡೂ ಒಟ್ಟಿಗೇ ಆಯಿತು. ಕಾಯಿಲೆ ಬಿದ್ದ ತಾಯಿಗೆ ಕೋಳಿಕಾಲು ಕೊಡಿ ಅಂದರೆ ಸಂಜೆಯೊಳಗೆ ಊರು ಏನು ಹೇಳುತ್ತದೆ ಎಂಬುದು ಮಾವನಿಗೆ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ ಕಂಡಿತು. ಬಚ್ಚ ಹೆತ್ತವಳಿಗೆ ನಾಯಿಯ ಪಾಲು ತಿನ್ನಿಸುತ್ತಾನೆ.

"ನಾಯಿಗೆ," ಅಂದುಬಿಟ್ಟ.

ರಂಜನ್ ಧಾರಾಳಿ. ನಾಯಿಗೆ ಅಂದದ್ದಕ್ಕೆ ಕರುಳು, ಪುಕ್ಕದ ಬುಡ, ಹೆಸರಿಲ್ಲದ ಇನ್ನೂ ಏನೇನೋ ಸೇರಿಸಿ ಕೊಟ್ಟ. ಮಾವ ಎಲ್ಲವನ್ನೂ ಹಂಡೆಗೆ ಹಾಕಿ ಬೆಂಕಿ ಎಬ್ಬಿಸಿದ. ಅರ್ಧ ಗಂಟೆಯಲ್ಲಿ ಕೋಟೇಶ್ವರದವರೆಗಿನ ಕಾಗೆಗಳೆಲ್ಲ ನಮ್ಮ ತೆಂಗಿನಮರಗಳಲ್ಲಿ ಸಭೆ ಸೇರಿದವು. ಪದ್ದಕ್ಕ ಕಿಟಕಿ ಮುಚ್ಚಿದಳು. ಮಂಚದ ಮೇಲಿಂದ ಅಜ್ಜಿ, ಯಾರ ಮನೆಯಲ್ಲಿ ಹಳೆ ಬಲೆ ಸುಡುತ್ತಿದ್ದಾರೆ ಅಂತ ವಿಚಾರಿಸಿದಳು. ಹಂಡೆಯನ್ನು ಕಡಲ ಬದಿಯ ಹೊಯಿಗೆಯಲ್ಲಿ ಹೂತು ಬಂದದ್ದಾಯಿತು.

ಮಾತು ಕೊಟ್ಟ ಮಂಗಳವಾರ ದಾಟಿಹೋಯಿತು. ಮುಂದಿನ ಆದಿತ್ಯವಾರ ಮಾವ ಮತ್ತೆ ಅಂಗಡಿಗೆ ಹೋಗಿ, ನಮ್ಮ ನಾಯಿ ಕರುಳು ತಿನ್ನುವುದಿಲ್ಲ ಅಂದ. ರಂಜನ್ ಕತ್ತಿ ಕೆಳಗಿಟ್ಟ. ಕರುಳು ಬಿಡುವ ನಾಯಿಯನ್ನು ಅವನು ಕಂಡಿರಲಿಲ್ಲ. ಚರ್ಮವೂ ಆಗುವುದಿಲ್ಲವಂತೆ. ಕಾಲಿನ ಉಗುರು ತೆಗೆದಿರಬೇಕಂತೆ, ಬಿಸಿನೀರಲ್ಲಿ ಅದ್ದಿ ಹಳದಿ ಸಿಪ್ಪೆ ಸುಲಿದಿರಬೇಕಂತೆ. ಸಾಲಿನಲ್ಲಿದ್ದವರೆಲ್ಲ ಹತ್ತಿರ ಸರಿದರು. ಇಷ್ಟೆಲ್ಲ ನಾಜೂಕು ಇರುವುದು ಎಂತಹ ನಾಯಿ ಅಂತ ಭೋಜರಾಜರೇ ಕೇಳಿದರು.

"ಜರ್ಮನ್," ಅಂದ ಮಾವ. ಅವನಿಗೆ ತಿಳಿದಿದ್ದ ಹೊರದೇಶ ಅದೊಂದೇ. ಬಲೆಯ ನೂಲಿನ ಉಂಡೆಯ ಮೇಲೆ ಬರೆದಿರುತ್ತಿತ್ತು.

ಆ ಮೇಲೆ ನಾಯಿ ತನ್ನಷ್ಟಕ್ಕೆ ಬೆಳೆಯಿತು. ಮೊದಲ ದಿನ ಮೊಣಕಾಲೆತ್ತರ ಇದ್ದದ್ದು ಬುಧವಾರದ ಹೊತ್ತಿಗೆ ಸೊಂಟದವರೆಗೆ ಬಂತು. ಅದು ಬೊಗಳುವುದನ್ನು ಯಾರೂ ಕೇಳಿರಲಿಲ್ಲ, ಅದೇ ಎಲ್ಲರಿಗೂ ಭಯ. ಜಾತಿ ನಾಯಿ ಬೊಗಳುವುದಿಲ್ಲ, ನೇರ ಹಿಡಿಯುತ್ತದೆ ಎಂದು ಭೋಜರಾಜರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ತೀರ್ಪು ಕೊಟ್ಟರು. ಮೀನಿನ ಬುಟ್ಟಿ ಹೊತ್ತು ಅಂಗಳಕ್ಕೇ ಬರುತ್ತಿದ್ದ ವನಜಕ್ಕ ರಸ್ತೆಯಲ್ಲೇ ನಿಂತು, "ಹ್ವಾಯ್, ಕಟ್ಟಿ ಹಾಕಿದ್ರಿಯಾ?" ಅಂತ ಕೇಳಿ ಉತ್ತರ ಬರುವ ಮೊದಲೇ ಮುಂದಿನ ಮನೆಗೆ ಹೋಗುತ್ತಿದ್ದಳು. ಕರೆಂಟಿನ ಮೀಟರ್ ನೋಡುವವನು ಗೇಟಿನಲ್ಲಿ ನಿಂತು, ಹೋದ ತಿಂಗಳು ಎಷ್ಟು ಬಂದಿತ್ತು ಅಂತ ಕೇಳಿ, ಅಷ್ಟೇ ಬರೆದು ಕಾಗದವನ್ನು ಕಲ್ಲಿಗೆ ಕಟ್ಟಿ ಎಸೆದ. ಸರಸತ್ತೆ ಆವತ್ತೊಂದು ದಿನ ನಾಯಿಯ ಬಗ್ಗೆ ಒಳ್ಳೆಯ ಮಾತಾಡಿದಳು.

ನನ್ನ ಪಾಡು ಬೇರೆ. ನಾಯಿ ಇಲ್ಲವೆಂದು ಗೊತ್ತಿದ್ದೂ ನನಗೆ ಅದರ ಮೇಲೆ ಜೀವ ಬಂತು. ಕಾಲೇಜಿನಿಂದ ಬರುವಾಗ ಅದು ಹಲಸಿನ ಬುಡದಲ್ಲಿ ಕಾದಿರುತ್ತದೆ ಅನ್ನಿಸಿ, ಹೆಜ್ಜೆ ಬಿರುಸಾಗುತ್ತಿತ್ತು. ಬುಡದಲ್ಲಿ ತರಗೆಲೆ ಮಾತ್ರ ಇರುತ್ತಿತ್ತು. ಆಗ ಆಗುವ ಬೇಸರವನ್ನು ಯಾರಿಗೆ ಹೇಳುವುದು?

ಆ ಎರಡನೆಯ ಆದಿತ್ಯವಾರ ಎಲುಬು ಸರಿಯಾಗಿತ್ತು, ವಾರ ಸರಿಯಾಗಿರಲಿಲ್ಲ. ಊರೆಲ್ಲ ಕೋಳಿ ತಿನ್ನುವುದು ಆದಿತ್ಯವಾರ. ಕಾಲೆಲ್ಲ ಸುಲಿದು ಎಲುಬು ಕೈಗೆ ಬರುವಾಗ ಸಂಜೆ. ಗೊಣಗಿಸಬೇಕಾದ್ದು ಇಡೀ ಹಗಲು. ಹಾಗಾಗಿ ಒಲೆ ಹೊತ್ತಿಸುವುದು ಸೋಮವಾರವೇ ಆಗಬೇಕು. ಸೋಮವಾರ ನಮ್ಮ ಮನೆಗಳಲ್ಲಿ ಮೀನಿನ ಕತ್ತಿಯನ್ನು ಕೂಡ ತೊಳೆದು ಮಾಡಿಗೆ ಸಿಕ್ಕಿಸುತ್ತಾರೆ. ಸರಸತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಮಾವ ಬಾವಿಯ ಹತ್ತಿರ ಮೂರು ಕಲ್ಲು ಹೂಡಿ, ಸೋಮವಾರ ಬೇಯಿಸಿ ಮಂಗಳವಾರ ಕುಡಿಸುವುದು ಎಂದು ಪಂಚಾಂಗಕ್ಕೂ ಸಿಗದ ಒಂದು ದಾರಿ ಹುಡುಕಿದ.

ಹತ್ತು ಗಂಟೆಗೆ ವಾಸನೆ ಬೇಲಿ ದಾಟಿತು. ಪದ್ದಕ್ಕ ದೇವರ ಹೂ ಕೊಯ್ಯುತ್ತಿದ್ದವಳು ಅಲ್ಲೇ ನಿಂತಳು. ಸೋಮವಾರ ಕೋಳಿ ಬೇಯುತ್ತಿದೆ ಎಂಬ ಸುದ್ದಿ ಕೇರಿಯ ತುದಿ ಮುಟ್ಟಿ ವಾಪಸು ಬಂದು ಅವಳಿಗೇ ಹೊಸ ಸುದ್ದಿಯಾಗಿ ತಲುಪಿತು. ಐದಾರು ಹೆಂಗಸರು ಬೇಲಿಯ ಬಳಿ ಸೇರಿದರು. ಆಗ ಸರಸತ್ತೆ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದು ಒಂದೇ ಮಾತು ಕೇಳಿದಳು.

"ನಾಯಿಗ್ ಸೋಮಾರ ಇತ್ತಾ?"

ಗುಂಪು ಕರಗಿತು. ಮಾವ ಹೆಂಡತಿಯನ್ನು ನೋಡಿದ ನೋಟದಲ್ಲಿದ್ದಷ್ಟು ಅಭಿಮಾನ ಮದುವೆಯ ದಿನವೂ ಇದ್ದಿರಲಾರದು.

ಆ ಅಭಿಮಾನ ಮಂಗಳವಾರ ಬೆಳಗಿನವರೆಗೆ ಬಾಳಿತು. ಎದ್ದು ನೋಡಿದರೆ ಸರಸತ್ತೆ ಮೆಣಸು ಕೊತ್ತಂಬರಿ ಹುರಿದು, ಒಂದು ಇಡೀ ಕಾಯಿ ಹಾಕಿ ಅರೆದು, ಪಾತ್ರೆಗೆ ಸುರಿದು ಕದಡಿಯಾಗಿತ್ತು. ಬರಿ ನೀರು ಕಂಡು ಮನಸ್ಸು ತಡೆಯಲಿಲ್ಲವಂತೆ. ಅತ್ತೆಗೆ ಹೀಗೆ ಬೋಳು ನೀರು ಕೊಟ್ಟಳು ಅಂತ ನಾಳೆ ಯಾರಾದರೂ ಹೇಳಿದರೆ? ಸಾರು ಬಹಳ ಚೆನ್ನಾಗಿತ್ತು. ನಾವೆಲ್ಲ ಗರಿಗರಿ ಅಕ್ಕಿಯ ಕೋಳಿರೊಟ್ಟಿಯ ಮೇಲೆ ಸುರಿದುಕೊಂಡು ತಿಂದೆವು. ಮಾವ ದುಃಖದಲ್ಲಿ ಮೂರು ಸಲ ಹಾಕಿಸಿಕೊಂಡ. ಅಜ್ಜಿ ಒಂದು ಚಮಚ ಬಾಯಿಗಿಟ್ಟು, ಸಾರು ಅಂದು, ಗೋಡೆಯ ಕಡೆ ತಿರುಗಿ ಮಲಗಿದಳು.

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಪದ್ದಕ್ಕ ಕಿಟಕಿಯ ಹತ್ತಿರ ಬಂದು, ನಿಮ್ಮ ಮನೆಯ ನಾಯಿ ಹೀಗೆ ಹಾಗೆ ಅಂತ ಅಜ್ಜಿಗೆ ಎಲ್ಲ ಹೇಳಿದಳು. ಅಜ್ಜಿ ನಂಬಿದಳು. ಮಗ ಬಾವಿಯ ಹತ್ತಿರ ದಿನವಿಡೀ ಬೇಯಿಸುವುದು ಯಾರಿಗೆ ಎಂಬುದಕ್ಕೆ ಅವಳಿಗೂ ಒಂದು ವಿವರಣೆ ಸಿಕ್ಕಿತು. ತನಗೆ ಮಾತು ಕೊಟ್ಟದ್ದನ್ನು ಮರೆತಿದ್ದಾನೆ, ಈಗ ನಾಯಿಯ ಹುಚ್ಚು ಹಿಡಿದಿದೆ ಅಂತ. ಅದಕ್ಕೆ ಕೋಪ ಮಾಡಿಕೊಳ್ಳುವ ಮುದುಕಿಯಾಗಿದ್ದರೆ ನಮಗೂ ಸಲೀಸಿತ್ತು. ಆ ಸಂಜೆಯಿಂದ ಅವಳು ತನ್ನ ಮೂರು ಚಮಚ ಗಂಜಿಯಲ್ಲಿ ಎರಡನ್ನು ತೆಂಗಿನ ಗೆರಟೆಗೆ ಹಾಕಿ, ಆ ಮೂಕ ಪ್ರಾಣಿಗೆ ಕೊಡು ಅಂತ ಮಗನ ಕೈಗೆ ಕೊಡತೊಡಗಿದಳು. ಅನ್ನ ಚೆಲ್ಲಬಾರದೆಂದು ಮಾವ ಬಾವಿಯ ಹಿಂದೆ ಕುಳಿತು ಅದನ್ನು ತಾನೇ ಉಣ್ಣುತ್ತಿದ್ದ. ಉಂಡು ಎದ್ದು ಬರುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಇಲ್ಲದ ನಾಯಿ ಇರುವ ತಾಯಿಯ ಗಂಜಿ ತಿನ್ನುತ್ತಿತ್ತು.

ಇದನ್ನು ಇನ್ನು ಎಳೆಯಬಾರದು ಅಂತ ಮಾವ ತೀರ್ಮಾನಿಸಿದ. ಭೋಜರಾಜರ ಮಗಳ ಗಂಡನ ಮನೆಯವರಿಗೆ ಮುಂದಿನ ಮಂಗಳವಾರ ಮತ್ತೊಂದು ಔತಣ ಇತ್ತು. ಆ ಎಲುಬೆಲ್ಲ ರಂಜನ್ ಎತ್ತಿಟ್ಟ. ಬುಧವಾರ ಬೆಳಕು ಹರಿಯುವಾಗ ಬಾವಿಯ ಹತ್ತಿರ ಪಾತ್ರೆ ಒಲೆ ಏರಿತು. ಸರಸತ್ತೆ ಅರೆಯುವ ಕಲ್ಲಿನ ಮೇಲೆ ಮಡಚಿದ ಗೋಣಿ ಹಾಕಿ, ಅದರ ಮೇಲೆ ತಾನೇ ಕುಳಿತಳು, ಕೈ ತಡೆಯುವುದಿಲ್ಲ ಅಂತ. ನೊರೆ ತೆಗೆಯುವ ಕೆಲಸ ನನ್ನದು.

ಎಂಟೂವರೆಗೆ ಗೇಟಿನಲ್ಲಿ ಜೀಪು ನಿಂತಿತು. ಪಶು ಇಲಾಖೆಯವರು ಹುಚ್ಚುನಾಯಿ ರೋಗದ ಲಸಿಕೆ ಹಾಕಲು ಊರಿಗೆ ಬಂದಿದ್ದರು. ಊರ ನಾಯಿಗಳ ಪಟ್ಟಿ ಮಾಡಿಕೊಟ್ಟವರು ಭೋಜರಾಜರು. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ನಾಯಿ. ಇನ್ಸ್‌ಪೆಕ್ಟರು ಬಯಲುಸೀಮೆಯ ಮನುಷ್ಯ, ನೆಗಡಿಯಾಗಿ ಕಣ್ಣಲ್ಲೆಲ್ಲ ನೀರು. ಅವರ ಹಿಂದೆ ಹಗ್ಗ ಹಿಡಿದ ಇಬ್ಬರು. ಅವರ ಹಿಂದೆ, ನಾಯಿಯನ್ನು ಕೊನೆಗಾದರೂ ನೋಡಬೇಕೆಂದು, ಕೇರಿ.

ನಾಯಿ ಕಟ್ಟಿ ಹಿಡಿದುಕೊಳ್ಳಿ ಅಂದರು ಇನ್ಸ್‌ಪೆಕ್ಟರು. ಮಾವ ಒಂದು ಕ್ಷಣ ಕಡಲಿನ ಕಡೆ ನೋಡಿ, ನಾಯಿಯನ್ನು ಸಾಲಿಗ್ರಾಮಕ್ಕೆ, ಹೆಂಡತಿಯ ಅಣ್ಣನ ಮನೆಗೆ ಕಳಿಸಿದ್ದೇನೆ, ಅಲ್ಲಿಂದ ಬರಲು ಎರಡು ತಿಂಗಳಾದರೂ ಆಗಬಹುದು ಅಂದ. ಸುಳ್ಳು ಅಷ್ಟು ಸರಾಗವಾಗಿ ಬಂದದ್ದು ಅವನಿಗೇ ಆಶ್ಚರ್ಯ. ಜನ ನಿರಾಶೆಯಿಂದ ಚದುರಬೇಕು, ಅಷ್ಟರಲ್ಲಿ ಹೆದ್ದಾರಿಯ ಕಡೆಯಿಂದ ಬೆವರು ಒರೆಸಿಕೊಳ್ಳುತ್ತ ಒಬ್ಬರು ಬಂದರು. ಸಾಲಿಗ್ರಾಮದ ಅದೇ ಅಣ್ಣ, ಮುತ್ತು. 'ಭಾವನ ಮನೆಗೆ ಜರ್ಮನ್ ನಾಯಿ ಬಂದಿದೆಯಂತೆ, ನನಗೊಂದು ಮಾತು ಹೇಳಲಿಲ್ಲ' ಎಂದು ಕೈಯಲ್ಲಿ ಹೊಸ ಸಂಕೋಲೆ ಹಿಡಿದು, ನಾಯಿಯನ್ನು ನೋಡಲು ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

ಹಾಗಾದರೆ ತಪ್ಪಿಸಿಕೊಂಡಿರಬೇಕು, ಅಂದ ಮಾವ.

ಇದು ಅವನ ಜೀವನದ ಅತಿ ದೊಡ್ಡ ತಪ್ಪು. ಲಸಿಕೆ ಹಾಕದ, ಬೊಗಳದ, ಎದೆಯೆತ್ತರದ ಜರ್ಮನ್ ನಾಯಿ ಸಾಲಿಗ್ರಾಮಕ್ಕೂ ತೆಕ್ಕಟ್ಟೆಗೂ ನಡುವೆ ಎಲ್ಲೋ ತಿರುಗುತ್ತಿದೆ ಎಂಬುದು ಜನರ ತಲೆಗೆ ಇಳಿಯಲು ಎರಡು ನಿಮಿಷ ಹಿಡಿಯಿತು. ಭೋಜರಾಜರು ಮೊಬೈಲು ತೆಗೆದು ಶಾಲೆಗೆ ಫೋನು ಮಾಡಿ, ಮಕ್ಕಳನ್ನು ಒಳಗೆ ಕೂರಿಸಲು ಹೇಳಿದರು. ವನಜಕ್ಕ ಮೀನಿನ ಬುಟ್ಟಿಯ ಜೊತೆ ನಮ್ಮ ಜಗಲಿ ಹತ್ತಿ ನಿಂತಳು. ಹಗ್ಗದವರು ಹಗ್ಗ ಕೆಳಗಿಟ್ಟು ಜೀಪಿನೊಳಗೆ ಕುಳಿತು ಗಾಜು ಏರಿಸಿದರು. ನಿನ್ನೆ ಸಂಜೆ ತಾನು ಅದಕ್ಕೆ ಕಲ್ಲು ಹೊಡೆದೆ, ತಿರುಗಿ ಒಂದು ನೋಟ ನೋಡಿತು, ಆ ಕಣ್ಣು ಈಗಲೂ ಕಾಣುತ್ತದೆ ಅಂತ ಪದ್ದಕ್ಕ ಹೇಳತೊಡಗಿದಳು.

ಗಲಾಟೆಯ ನಡುವೆ ಒಳಗಿನಿಂದ ಅಜ್ಜಿ ನನ್ನನ್ನು ಕರೆದಳು. ಹೋದರೆ ಬೆಳಗಿನ ಗಂಜಿಯನ್ನು ಅಷ್ಟೂ ಗೆರಟೆಗೆ ಸುರಿದಿದ್ದಳು. ತನ್ನನ್ನು ಎಬ್ಬಿಸು ಅಂದಳು. ನನ್ನ ಭುಜ ಹಿಡಿದು ಬಾಗಿಲವರೆಗೆ ಬಂದು, ಅಷ್ಟೂ ಜನರ ಮುಂದೆ ಗೆರಟೆಯನ್ನು ಮಗನ ಕಡೆ ಚಾಚಿದಳು.

"ಹಸ್ಕಂಡ್ ಬತ್ತ್ ಅದ್. ಬಂದ್ ಕೂಡ್ಲೇ ಇದನ್ನ ಕೊಡ್. ನಂಗ್ ಬೇಡ."

ಬಚ್ಚ ಮಾವ ಗೆರಟೆ ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಸುಳ್ಳಿನ ಬಲೆಯಲ್ಲಿ ಯಾವ ಗಂಟನ್ನು ಮೊದಲು ಬಿಚ್ಚುವುದೆಂದು ತಿಳಿಯದೆ, ಕೈಗೆ ಸಿಕ್ಕ ಗಂಟನ್ನೇ ಬಿಚ್ಚಿದ.

"ನಾಯಿ ಇಲ್ಲ ಅಬ್ಬಿ," ಅಂದ ತಾಯಿಗೆ. "ಯಾವತ್ತೂ ಇರ್ಲಿಲ್ಲ. ಎಲುಬ್ ತಂದದ್ ನಿಂಗೆ. ಕೇಂಬುಕೆ ನಾಚ್ಕಿ ಆಯ್ತ್, ನಾಯಿಗೆ ಅಂದೆ."

ನಾಚಿಕೆಯ ಮಾತು ಹೊರಬಿದ್ದಾಗ ಊರು ನಗುತ್ತದೆ ಅಂತ ನಾವು ಕಾದೆವು. ಊರು ನಗಲಿಲ್ಲ, ಜಗಳಕ್ಕೆ ಬಂತು. ನಾಯಿ ಇಲ್ಲ ಅಂದರೇನು ಅರ್ಥ? ಪದ್ದಕ್ಕ ಕಣ್ಣಾರೆ ಕಂಡಿದ್ದಾಳೆ, ಕಪ್ಪು ಬಣ್ಣ, ನೆಟ್ಟಗಿನ ಕಿವಿ. ಭೋಜರಾಜರು ತಾವೇ ಒಮ್ಮೆ ಅದರ ಉಸಿರು ಕೇಳಿದ್ದಾರೆ. ಇಷ್ಟು ದಿನ ಹೆದರಿದ್ದು ಸುಮ್ಮನೆಯೇ? ಇನ್ಸ್‌ಪೆಕ್ಟರಿಗೆ ಬೇರೆಯೇ ಕಷ್ಟ.

"ನಾಯಿ ಇಲ್ಲ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಕಣ್ರೀ," ಅಂದರು ಮೂಗು ಒರೆಸುತ್ತ. "ಲಸಿಕೆ ಹಾಕಿದೆ, ಹಾಕಿಲ್ಲ, ಸತ್ತಿದೆ. ಮೂರೇ ಇರೋದು."

ಸತ್ತಿದೆ ಅಂತ ಬರೆಯಲು ಪದ್ದಕ್ಕ ಒಪ್ಪಲಿಲ್ಲ. ಈ ವಾದ ಹೊತ್ತು ನೆತ್ತಿ ದಾಟಿ ಇಳಿಯುವವರೆಗೆ ನಡೆಯಿತು. ಯಾರೋ ಇನ್ಸ್‌ಪೆಕ್ಟರಿಗೆ ಬೆಂಚು ತಂದರು, ಯಾರೋ ಎಳನೀರು ಕೆತ್ತಿದರು. ಮುತ್ತು ಸಂಕೋಲೆಯನ್ನು ಮಡಿಲಲ್ಲಿಟ್ಟುಕೊಂಡು, ಇದನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೋ ಇಲ್ಲವೋ ಅಂತ ಕಂಡಕಂಡವರನ್ನು ಕೇಳಿದರು. ಕೊನೆಗೆ ಬಾಗಿಲ ಚೌಕಟ್ಟಿಗೆ ಒರಗಿ ಕುಳಿತಿದ್ದ ಅಜ್ಜಿ ಬಾಯಿಬಿಟ್ಟಳು. ಸ್ವರ ಸಣ್ಣದಾಗಿದ್ದರಿಂದ ಎಲ್ಲರೂ ಸುಮ್ಮನಾಗಬೇಕಾಯಿತು.

"ಅವ್ರೂ ಹೀಂಗೇ ಹೇಳಿ ತರ್ತಿದ್ರ್," ಅಂದಳು.

ಯಾರು ಅಂತ ಮಾವ ಕೇಳಿದ.

"ನಿನ್ನಪ್ಪಯ್ಯ. ಹೋಟ್ಲಂಗೆ ಎಲುಬ್ ಕೇಂಡದ್ ನಾಯಿಗೆ ಅಂದೇಳಿ. ಆ ಖೋಲಿಯಂಗೆ ಮೂರ್ ಜನ ಕಾಲ್ ಚಾಚುಕೆ ಜಾಗ ಇಲ್ಲ, ನಾಯಿ ಎಲ್ಲಿಪ್ದ್?" ಗೋಡೆಯ ಮೇಲಿನ ಪಟದ ಕಡೆ ತಿರುಗಿದಳು. "ಅದಕ್ಕೊಂದ್ ಹೆಸ್ರೂ ಇಟ್ಟಿದ್ರ್. ದಿನಾ ಬಂದ್, ಇವತ್ತ್ ನಾಯಿ ಹ್ಯಾಂಗಿತ್ತ್ ಅಂದ್ ನನ್ ಹಣಿ ಮುಟ್ಟಿ ಕಾಂತಿದ್ರ್."

ನಾನು ಆ ಕತೆಯನ್ನು ನೂರು ಸಲ ಕೇಳಿದ್ದೆ. ಅದರಲ್ಲಿ ಈ ಮಾತು ಒಂದು ಸಲವೂ ಬಂದಿರಲಿಲ್ಲ. ಹೆಸರು ಏನು ಅಂತ ಕೇಳಿದೆ. ಅಜ್ಜಿ ತಲೆಯಾಡಿಸಿದಳು, ಹೇಳುವುದಿಲ್ಲ ಎಂದೋ, ಮರೆತಿದೆ ಎಂದೋ ತಿಳಿಯಲಿಲ್ಲ. ಅವಳ ಊದಿದ ಬೆರಳುಗಳು ಮಾತ್ರ ಸೆರಗಿನ ತುದಿಯನ್ನು ಮಡಚುತ್ತ ಬಿಚ್ಚುತ್ತ ಇದ್ದವು. ಭೋಜರಾಜರು ಕೆಮ್ಮಿದರು. ನೆಗಡಿ ಜೋರಾಯಿತು ಅಂತ ಇನ್ಸ್‌ಪೆಕ್ಟರು ಕಣ್ಣೊರೆಸಿಕೊಂಡರು. ಪಟ್ಟಿಯಲ್ಲಿ ಏನು ಬರೆದರೆಂದು ಆ ಮೇಲೆ ಯಾರೂ ಕೇಳಲಿಲ್ಲ.

ಆಗ ಸರಸತ್ತೆ ಕಲ್ಲಿನ ಮೇಲಿಂದ ಎದ್ದು ನಿಂತು, ಪಾತ್ರೆ ಅಂದಳು.

ಪಾತ್ರೆಯನ್ನು ಬೆಳಗಿನಿಂದ ಎಲ್ಲರೂ ಮರೆತಿದ್ದೆವು. ಮಾವ ಬೆಂಕಿ ದೂಡಿರಲಿಲ್ಲ, ಅತ್ತೆ ಕದಡಿರಲಿಲ್ಲ, ನಾನು ಎಂಟೂವರೆಯ ನಂತರ ನೊರೆ ತೆಗೆದಿರಲಿಲ್ಲ. ಸೌದೆ ಉರಿದು ಕೆಂಡವಾಗಿ, ಕೆಂಡ ಬೂದಿ ಹೊದ್ದು ಮಲಗಿ, ಅದರ ಮೇಲೆ ಪಾತ್ರೆ ತನ್ನಷ್ಟಕ್ಕೆ ಗೊಣಗುತ್ತಿತ್ತು. ಜಗಳಕ್ಕೆ ಜನ ಇಲ್ಲದ ಮುದುಕಿಯ ಹಾಗೆ, ಆಗೊಂದು ಈಗೊಂದು ಗುಳ್ಳೆ. ಮಾವ ಬಗ್ಗಿ ನೋಡಿದ. ಮತ್ತೆ ನನ್ನನ್ನು ಕರೆದು, ನೀನು ನೋಡು ಅಂದ. ಬಂಗಾರ ಅಂದರೆ ಅಜ್ಜಿಯ ಕತೆಯಷ್ಟು ಬಂಗಾರವಲ್ಲ, ಒಣಹುಲ್ಲಿನ ಬಣ್ಣ. ಆದರೆ ತಿಳಿಯಾಗಿತ್ತು. ನನ್ನ ಮುಖ ಕಾಣುತ್ತಿತ್ತು, ಹಿಂದೆ ಬಗ್ಗಿದ್ದ ಭೋಜರಾಜರ ಮುಖವೂ ಕಾಣುತ್ತಿತ್ತು.

ನನ್ನ ಕಾಲೇಜಿನ ಬಿಳಿ ವೇಲಿನಲ್ಲಿ ಸೋಸಿದೆವು. ಮಾವ ನಾಲ್ಕು ಕಾಳುಮೆಣಸು ಜಜ್ಜಿ, ಒಂದು ಚಿಟಿಕೆ ಉಪ್ಪು ಹಾಕಿ, ಲೋಟಕ್ಕೆ ಬಗ್ಗಿಸುವ ಕೆಲಸವನ್ನು ಹೆಂಡತಿಗೆ ಕೊಟ್ಟ. ಕೇರಿಯವರು ಯಾರೂ ಮನೆಗೆ ಹೋಗಲಿಲ್ಲ. ಜೀಪಿನವರು ಗಾಜು ಇಳಿಸಿದರು.

ಅಜ್ಜಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮೊದಲು ಹಬೆ ಮೂಸಿದಳು. ತುಂಬ ಹೊತ್ತು ಮೂಸಿದಳು. ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿದಳು. ಇಡೀ ಅಂಗಳ ಅವಳ ಗಂಟಲನ್ನೇ ನೋಡುತ್ತಿತ್ತು.

"ಅದೇ ಅಲ್ದಾ ಅಬ್ಬಿ?" ಅಂತ ಮಾವ ಕೇಳಿದ. ನಲವತ್ತೆಂಟು ವರ್ಷದ ಮನುಷ್ಯ, ಪರೀಕ್ಷೆಯ ಪೇಪರು ಕೊಡುವ ಮೇಷ್ಟ್ರ ಮುಂದೆ ನಿಂತ ಹಾಗೆ ಕೈ ಕಟ್ಟಿ ನಿಂತಿದ್ದ.

ಅಜ್ಜಿ ಯೋಚನೆ ಮಾಡಿದಳು. ಸುಳ್ಳು ಹೇಳಬಹುದಿತ್ತು, ಆ ಅಂಗಳದಲ್ಲಿ ಅದಕ್ಕೇನೂ ಬರವಿರಲಿಲ್ಲ.

"ಅದಲ್ಲ ಮಗಾ," ಅಂದಳು. "ಅದ್ರ ನೆರೆಮನಿದ್."

ಹೇಳಿ, ಲೋಟವನ್ನು ಮತ್ತೆ ಎತ್ತಿದಳು. ತಳ ಕಾಣುವವರೆಗೆ, ನಡುವೆ ಎಲ್ಲಿಯೂ ನಿಲ್ಲಿಸದೆ ಕುಡಿದು, ಖಾಲಿ ಲೋಟವನ್ನು ಸರಸತ್ತೆಯ ಕೈಗೆ ಕೊಟ್ಟು, ಒಂದು ಬಟ್ಟಲು ಗಂಜಿ ಕೇಳಿದಳು.